ಆಲ್ಮೆರೆಯಲ್ಲಿ ಕೊಡದೆ ಬಂದ ಹೆಸರು

ಆಲ್ಮೆರೆ

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಗುಳೇದಗುಡ್ಡದ ನಮ್ಮ ಓಣಿಯ ಹೆಂಗಸರು ಮೊದಲು ಕೇಳುವುದು ಗಾಳಿಗಿರಣಿ ನೋಡಿದಿರಾ, ಹೂವಿನ ತೋಟ ನೋಡಿದಿರಾ ಎಂದು. ಎರಡನ್ನೂ ರೈಲಿನ ಕಿಟಕಿಯಿಂದ ನೋಡಿದೆ. ಗಾಳಿಗಿರಣಿ ತಿರುಗುತ್ತಿರಲಿಲ್ಲ, ಹೂವಿನ ಕಾಲ ಮುಗಿದಿತ್ತು. ನಾನು ಕಣ್ಣುತುಂಬ ನೋಡಿ ಬಂದದ್ದು ಒಂದು ಬೀದಿಯನ್ನು, ಆ ಬೀದಿಯ ಎರಡು ಮನೆಗಳನ್ನು. ಒಂದು ನನ್ನ ಮಗಳು ಶೈಲಾಳದು, ಇನ್ನೊಂದು ಅದರ ಪಕ್ಕದ್ದು. ಪಕ್ಕದ ಮನೆಯಲ್ಲಿ ಹುಟ್ಟಿದ ಕೂಸಿಗೆ ನಾನು ಒಂದು ಹೆಸರು ಕೊಡಬೇಕಾಗಿತ್ತು. ಕೊಟ್ಟೆ, ಆದರೆ ಕೊಡಬೇಕಾದ್ದನ್ನು ಕೊಡಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ನಾನು ಹೊಲಿಗೆ ಕ್ಲಾಸು ನಡೆಸುವವಳು. ಖಣದ ಕುಪ್ಪಸ, ಲಂಗ, ಕೂಸುಗಳ ಕುಂಚಿಗೆ, ಇವೇ ನನ್ನ ಲೋಕ. ಅಳಿಯ ಆಮ್ಸ್ಟರ್‌ಡ್ಯಾಮಿನ ಒಂದು ಬ್ಯಾಂಕಿನಲ್ಲಿದ್ದಾನೆ. ಎರಡು ಸಾವಿರದ ಇಸವಿ ಬಂದಾಗ ಅಲ್ಲಿನ ಕಂಪ್ಯೂಟರುಗಳಿಗೆ ತಲೆ ಕೆಡದಂತೆ ನೋಡಿಕೊಳ್ಳುವ ಕೆಲಸವಂತೆ. ಶೈಲಾಳಿಗೂ ಅದೇ ಊರಿನಲ್ಲಿ ಆಫೀಸು. ಬೆಳಿಗ್ಗೆ ಇಬ್ಬರೂ ರೈಲು ಹಿಡಿದು ಹೋದರೆ ಸಂಜೆಯವರೆಗೆ ಮನೆಗೆ ನಾನೊಬ್ಬಳೇ ಯಜಮಾನಿ.

ಆಲ್ಮೆರೆ ಎಂಬುದು ಸಮುದ್ರವನ್ನು ಹಿಂದೆ ಸರಿಸಿ ಮಾಡಿದ ನೆಲದ ಮೇಲಿನ ಹೊಸ ಊರು. ನನಗಿಂತ ಆ ನೆಲಕ್ಕೇ ವಯಸ್ಸು ಕಡಿಮೆ. ಮನೆಗಳೆಲ್ಲ ಒಂದೇ ಅಚ್ಚಿನವು, ಸಾಲಾಗಿ ಗೋಡೆಗೆ ಗೋಡೆ ಅಂಟಿಸಿಕೊಂಡು ನಿಂತಿವೆ. ಪರದೆ ಎಂಬುದೇ ಇಲ್ಲ. ದೊಡ್ಡ ಕಿಟಕಿಯಿಂದ ಅವರು ಊಟ ಮಾಡುವುದು, ಪೇಪರ್ ಓದುವುದು ಎಲ್ಲ ಬೀದಿಗೆ ಕಾಣುತ್ತದೆ, ಆದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಮಾತ್ರ ನೋಡುತ್ತಿದ್ದೆ. ಅಷ್ಟು ತೆರೆದಿಟ್ಟ ಮೇಲೆ ನೋಡದೆ ಹೋದರೆ ಅವರಿಗೇ ಅವಮಾನ ಅಲ್ಲವೇ?

ಬಂದ ವಾರದಲ್ಲೇ ಒಂದು ಫಜೀತಿಯಾಯಿತು. ಬೆಳಿಗ್ಗೆ ಹೊಸ್ತಿಲ ಮುಂದೆ ರಂಗೋಲಿ ಹಾಕೋಣವೆಂದು ಪುಡಿಯ ಡಬ್ಬಿ ಹಿಡಿದು ಹೊರಗೆ ಬಂದೆ. ಮೊದಲ ಎಳೆ ಎಳೆಯುವಷ್ಟರಲ್ಲಿ ಗಾಳಿ ರಂಗೋಲಿಯನ್ನು ಎದುರು ಮನೆಯ ಕಾರಿಗೆ ಹಂಚಿತು. ಹಿಂದೆಯೇ ಬಾಗಿಲು ದಡ್ಡನೆ ಮುಚ್ಚಿಕೊಂಡಿತು. ನಮ್ಮೂರಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ನಾಲ್ಕು ಜನ ಬಂದು ಬಡಿಯುತ್ತಾರೆ. ಇಲ್ಲಿಯ ಬಾಗಿಲು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ, ಹೊರಗಿನಿಂದ ತೆಗೆಯಲು ಹಿಡಿಕೆಯೂ ಇಲ್ಲ. ಬಾಗಿಲ ನಡುವೆ ಕಾಗದ ಹಾಕಲು ಒಂದು ಕಿಂಡಿ ಇತ್ತು. ಅದರ ತಗಡಿನ ರೆಪ್ಪೆ ಎತ್ತಿ ಒಳಗೆ ನೋಡಿದೆ. ಬೀಗದ ಕೈ ಗೂಟದಲ್ಲಿ ತಣ್ಣಗೆ ತೂಗುತ್ತಿತ್ತು. ಮೈಮೇಲೆ ಸ್ವೆಟರ್ ಇಲ್ಲ, ಕಾಲಲ್ಲಿ ಮನೆಯ ಚಪ್ಪಲಿ. ಅಳು ಬಂತು.

ಆಗ ಪಕ್ಕದ ಮನೆಯಿಂದ ಕಸದ ಚೀಲ ಹಿಡಿದು ಎತ್ತರದ, ಕಪ್ಪು ಮೈಬಣ್ಣದ ಹೆಂಗಸೊಬ್ಬಳು ಬಂದಳು. ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ಬಾಗಿಲನ್ನು ನೋಡಿದಳು, ಡಬ್ಬಿ ನೋಡಿದಳು, ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮೊದಲ ವಾರ ನನ್ನನ್ನೂ ಈ ಬಾಗಿಲು ಹೊರಗೆ ಹಾಕಿತ್ತು ತಂಗಿ, ಬಾ,” ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅವಳ ಇಂಗ್ಲಿಷು ನನ್ನದಕ್ಕಿಂತ ವಾಸಿ, ಆದರೂ ಇಬ್ಬರದೂ ಸಂತೆಯ ಇಂಗ್ಲಿಷೇ.

ಪಕ್ಕದ ಮನೆ

ಅವಳ ಹೆಸರು ಅಮಾ. ಘಾನಾ ದೇಶದವಳು. ಆಫೀಸುಗಳ ನೆಲ ಒರೆಸುತ್ತ ಹಾಲೆಂಡಿನಲ್ಲಿ ಬಹಳ ವರ್ಷ ಕಳೆದಿದ್ದಳು. ಈಗ ದಿನ ತುಂಬಿದ ಮಗಳು ಅಬೆನಾಳನ್ನು ನೋಡಿಕೊಳ್ಳುತ್ತ ಮನೆಯಲ್ಲಿದ್ದಳು.

ಡಚ್ಚರ ಮನೆಯ ಕಾಫಿಯನ್ನು ನಾನು ಅಷ್ಟರಲ್ಲಿ ಕುಡಿದು ನೋಡಿದ್ದೆ. ಶೈಲಾಳ ಎದುರು ಮನೆಯಾಕೆ ಕರೆದಿದ್ದಳು. ಡಬ್ಬಿಯ ಮುಚ್ಚಳ ತೆಗೆದು ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿಬಿಟ್ಟಳು. ಅದಕ್ಕಿಂತ ದೊಡ್ಡ ಆಶ್ಚರ್ಯ ಅವರ ಪಾಯಖಾನೆಯಲ್ಲಿ ಕಾದಿತ್ತು. ಅಲ್ಲಿ ಗೋಡೆಗೆ ಒಂದು ಕ್ಯಾಲೆಂಡರು, ಅದರ ತುಂಬ ಅಣ್ಣತಮ್ಮಂದಿರ, ಮೊಮ್ಮಕ್ಕಳ ಹೆಸರು, ಹುಟ್ಟಿದ ದಿನ. ಮರೆಯಬಾರದೆಂದು ದಿನಾಲೂ ಕಣ್ಣಿಗೆ ಬೀಳುವ ಕಡೆ ಬರೆದಿಡುತ್ತಾರಂತೆ. ಮನೆಮಂದಿಯ ಹೆಸರನ್ನು ತೂಗುಹಾಕಲು ಅವರಿಗೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಮನೆಗೆ ಬಂದ ಮೇಲೂ ಗೊಣಗಿದೆ.

ಅಮಾಳ ಮನೆಯಲ್ಲಿ ಮುಚ್ಚಳದ ಮಾತೇ ಇಲ್ಲ. ಸಾಕು ಎಂದರೆ ಇನ್ನೊಂದು ಬಡಿಸುತ್ತಾಳೆ, ನಮ್ಮ ಹಾಗೆಯೇ. ಅಂದಿನಿಂದ ಶೈಲಾ ರೈಲು ಹತ್ತುವುದೇ ತಡ, ನಾನು ಆ ಮನೆಯಲ್ಲಿರುತ್ತಿದ್ದೆ. ಹೊಲಿಗೆ ಯಂತ್ರ ಅಲ್ಲೂ ಇತ್ತು. ಕೈಗೆ ಕೆಲಸವಿದ್ದರೆ ಮಾತು ಹೇಗೋ ಸಾಗುತ್ತದೆ.

“ನೀನು ಹುಟ್ಟಿದ್ದು ಯಾವ ವಾರ?” ಎಂದು ಒಂದು ದಿನ ಅಮಾ ಕೇಳಿದಳು. ಅವರಲ್ಲಿ ಪ್ರತಿ ಕೂಸಿಗೂ ಹುಟ್ಟಿದ ವಾರದ ಹೆಸರು ತಾನಾಗಿಯೇ ಬರುತ್ತದಂತೆ. ಅಮಾ ಎಂದರೆ ಶನಿವಾರದವಳು, ಅಬೆನಾ ಮಂಗಳವಾರದವಳು. ಅದರ ಮೇಲೆ ಮನೆಯವರು ಇಡುವ ಹೆಸರು ಬೇರೆ. ನಮ್ಮಲ್ಲೂ ಸೋಮಪ್ಪ, ಮಂಗಳವ್ವ ಇದ್ದಾರೆ, ಆದರೆ ಶನಿವಾರ ಹುಟ್ಟಿದರೆ ಆ ವಾರದ ಸುದ್ದಿಯನ್ನೇ ಎತ್ತದೆ ಮುಚ್ಚಿಹಾಕುತ್ತೇವೆ ಎಂದೆ. ನಾನು ಹುಟ್ಟಿದ್ದು ತವರೂರಿನ ಸಂತೆಯ ದಿನ, ಮಂಗಳವಾರ. “ಹಾಗಾದರೆ ನೀನೂ ಅಬೆನಾ! ನನಗೆ ಇಬ್ಬರು ಮಕ್ಕಳಾದರು,” ಎಂದು ಅಮಾ ಸಂಭ್ರಮಪಟ್ಟಳು. ಅವಳಿಗಿಂತ ನಾನು ದೊಡ್ಡವಳೇ ಇರಬೇಕು. ಆದರೂ ಖುಷಿಯಾಯಿತು.

ಅಬೆನಾ ಮಾತ್ರ ನಗುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದಳು. ಇವತ್ತೋ ನಾಳೆಯೋ ಎನ್ನುವ ಮನೆಯಲ್ಲಿ ತೊಟ್ಟಿಲಿಲ್ಲ, ಒಂದು ಅಂಗಿಯಿಲ್ಲ. ನಾನು ಕುಂಚಿಗೆ ಹೊಲಿದುಕೊಡುತ್ತೇನೆ ಎಂದೆ. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ನಮ್ಮ ಕಡೆಯ ಟೊಪ್ಪಿಗೆಯನ್ನು ಕೈಯಲ್ಲಿ ತೋರಿಸಿದೆ. ಅಮಾ ಥಟ್ಟನೆ ನನ್ನ ಕೈ ಹಿಡಿದಳು. “ಈಗ ಬೇಡ. ಇದಕ್ಕಿಂತ ಮೊದಲು ಎರಡು ಬಂದು ಹೋದವು. ಇದು ಬಂದು ನಿಲ್ಲಲಿ, ಆಮೇಲೆ ಹೊಲಿ.”

ನಮ್ಮ ತಾಯಿಯ ಕತೆ ಬಾಯಿಯವರೆಗೆ ಬಂತು. ಆದರೆ ಅಬೆನಾ ಅಲ್ಲೇ ಕೂತಿದ್ದಳು. ಸತ್ತ ಕೂಸುಗಳ ಮಾತನ್ನು ಬಸುರಿಯ ಮುಂದೆ ಆಡಬಾರದೆಂದು ಸುಮ್ಮನಾದೆ. ಅದು ಸರಿಯೆಂದೇ ಅಂದುಕೊಂಡಿದ್ದೆ. ಅಂದು ಅಮಾಳನ್ನು ಅಡಿಗೆಮನೆಗೆ ಕರೆದು ಹೇಳಿಬಿಟ್ಟಿದ್ದರೆ!

ಆಮ್ಸ್ಟರ್‌ಡ್ಯಾಮಿನ ಸಂತೆ

ಒಂದು ಶನಿವಾರ ಅಮಾ ನನ್ನನ್ನು ಆಮ್ಸ್ಟರ್‌ಡ್ಯಾಮಿನ ಸಂತೆಗೆ ಕರೆದೊಯ್ದಳು. ಅವರ ಕಡೆಯ ಗೆಣಸು, ಒಣಮೀನು, ಹೆಂಗಸರ ಏರುದನಿ. ಬೇರೆ ದೇಶದಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಟ್ರಾಮಿನಲ್ಲಿ ಮಾತ್ರ ನೆನಪಾಯಿತು. ಅಲ್ಲಿ ಹಲವು ಸಲದ ಪ್ರಯಾಣಕ್ಕೆ ಆಗುವ ಉದ್ದನೆಯ ಚೀಟಿಯನ್ನು ಮಡಚಿ ಯಂತ್ರದ ಬಾಯಿಗೆ ಕೊಡಬೇಕು. ನಾನು ತಪ್ಪು ಕಡೆ ಮಡಚಿದೆ. ಅದು ಒತ್ತಬಾರದ ಕಡೆ ಮುದ್ರೆ ಒತ್ತಿ ಇಡೀ ಚೀಟಿಯನ್ನು ಒಂದೇ ಸಲಕ್ಕೆ ನುಂಗಿದಂತಾಯಿತು. ಟ್ರಾಮಿನವನು ಬೈಯಲಿಲ್ಲ, ಚೀಟಿ ನೋಡಿ ಬೇಸರದಿಂದ ತಲೆಯಾಡಿಸಿದ.

ಬಟ್ಟೆಯ ಅಂಗಡಿಯಲ್ಲಿ ನಾನು ಬೆರಗಾದೆ. ಆಫ್ರಿಕದವರು ಉಡುವ ಆ ದೊಡ್ಡ ದೊಡ್ಡ ಹೂವಿನ, ಹಕ್ಕಿಯ ಬಟ್ಟೆಯಲ್ಲಿ ಹೆಚ್ಚು ಬೆಲೆಯದು ತಯಾರಾಗುವುದು ಹಾಲೆಂಡಿನಲ್ಲೇ ಅಂತೆ! ಇಲ್ಲಿಂದ ಹಡಗಿನಲ್ಲಿ ಹೋಗಿ, ಅಲ್ಲಿಯ ಹೆಂಗಸರು ಉಟ್ಟು, ಈಗ ಅಲ್ಲಿಂದ ಬಂದವರು ಮತ್ತೆ ಇಲ್ಲೇ ಕೊಳ್ಳುತ್ತಾರೆ. ಪ್ರತಿ ಬಟ್ಟೆಗೂ ಅವರಲ್ಲಿ ಹೆಸರಿದೆ, ಹೆಸರಿಗೆ ಅರ್ಥವಿದೆ. ನಾನು ಚೀಲದಿಂದ ಖಣ ತೆಗೆದು, ಇದು ತೇರು, ಇದು ಆನೆಹೆಜ್ಜೆ ಎಂದು ತೋರಿಸಿದೆ. ಅಂಗಡಿಯವಳು ಖಣವನ್ನು ಬೆಳಕಿಗೆ ಹಿಡಿದು ಹಿಂದುಮುಂದು ನೋಡಿ, “ಇದನ್ನು ಕೈಯಿಂದ ನೇಯ್ದಿದ್ದಾರೆ,” ಎಂದಳು. ನಾನೇ ನೇಯ್ದಷ್ಟು ಹೆಮ್ಮೆಪಟ್ಟೆ.

ಅಬೆನಾ ಹೆತ್ತದ್ದು ಸೋಮವಾರ, ಹೆಣ್ಣುಕೂಸು. ಇಬ್ಬರೂ ಸುಖವಾಗಿದ್ದರು. ಮರುದಿನ ಮಧ್ಯಾಹ್ನ ಅಮಾ ಬಾಗಿಲಿಗೆ ಬಂದಳು. ನಿದ್ದೆಗೆಟ್ಟ ಮುಖ, ಆದರೆ ಕಣ್ಣು ಹೊಳೆಯುತ್ತಿದ್ದವು.

“ತಂಗಿ, ನಿನ್ನ ಹೆಸರು ಹೇಳು. ಪೂರ್ತಿ, ಸರಿಯಾದ ಹೆಸರು.”

ಈತನಕ ಅವಳು ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದಳು, ಹೆಸರು ಕೇಳಿರಲೇ ಇಲ್ಲ. ಪರದೇಶದಲ್ಲಿ ಯಾರಾದರೂ ಪೂರ್ತಿ ಹೆಸರು ಕೇಳಿದರೆ ನನಗೆ ಪಾಸ್‌ಪೋರ್ಟೇ ಕಣ್ಮುಂದೆ ಬರುತ್ತದೆ. “ಸುಗುಣಾ,” ಎಂದೆ.

“ಸು-ಗು-ಣಾ. ಅರ್ಥ?”

“ಒಳ್ಳೆಯ ಗುಣದವಳು.”

ಅವಳು ಹೆಸರನ್ನು ಬಾಯಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ನನ್ನ ಎರಡೂ ಕೈ ಒತ್ತಿದಳು. “ಎಂಟನೆಯ ದಿನ ಬಾ. ಆಗ ಗೊತ್ತಾಗುತ್ತದೆ.” ಆಮಂತ್ರಣಕ್ಕೆ ಹೆಸರು ಬೇಕಾಗಿರಬೇಕು ಎಂದುಕೊಂಡು ನಾನು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ.

ಎಂಟನೆಯ ದಿನ

ಡಚ್ಚರು ಕೂಸು ಹುಟ್ಟಿದ ದಿನವೇ ಅದರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕಿಟಕಿಗೆ ಅಂಟಿಸುತ್ತಾರೆ, ಅಂಗಳದಲ್ಲಿ ಕಟ್ಟಿಗೆಯ ಕೊಕ್ಕರೆ ನಿಲ್ಲಿಸುತ್ತಾರೆ. ದೃಷ್ಟಿಯ ಭಯವೇ ಇಲ್ಲದ ಜನ. ಹುಟ್ಟಿದ ಮೂರು ದಿನದೊಳಗೆ ಅವರ ನಗರಸಭೆಗೆ ಹೋಗಿ ಹೆಸರು ಹೇಳಬೇಕೆಂಬ ಕಾನೂನು ಬೇರೆ. ನಾವು ಹನ್ನೆರಡು ದಿನ ಕಾಯುತ್ತೇವೆ. ಅಮಾಳ ಕಡೆಯವರು ಎಂಟು ದಿನ ಕಾಯುತ್ತಾರೆ, ಅಲ್ಲಿಯವರೆಗೆ ಕೂಸು ಬರೀ ಅತಿಥಿ. ಕಾನೂನಿಗೆ ಹೆಸರು ಕೊಟ್ಟು ಬಂದಿದ್ದರೂ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಶೈಲಾ ರಜೆ ಹಾಕಿ ನನ್ನ ಜತೆ ಬಂದಳು. ಮನೆ ತುಂಬ ಬಿಳಿ ಬಟ್ಟೆಯ ಜನ. ಒಬ್ಬ ಮುದುಕರು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಮುಂದೆ ಎರಡು ಲೋಟ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಹಾಲೆಂಡಿನ ಮದ್ಯ. ಅವರು ಬೆರಳನ್ನು ನೀರಿಗೆ ಅದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಿ ಏನೋ ಹೇಳಿದರು. ಆಮೇಲೆ ಮದ್ಯಕ್ಕೆ ಅದ್ದಿ ಮುಟ್ಟಿಸಿದರು. ಕೂಸು ಮುಖ ಕಿವಿಚಿತು, ಎಲ್ಲರೂ ನಕ್ಕರು. ಅಮಾ ನನ್ನ ಕಿವಿಯಲ್ಲಿ ಅರ್ಥ ಹೇಳಿದಳು: “ನೀರಾದರೆ ನೀರೆನ್ನು, ಹೆಂಡವಾದರೆ ಹೆಂಡವೆನ್ನು. ಇದ್ದದ್ದನ್ನು ಇದ್ದಂತೆ ಹೇಳು.”

ಅದಾದ ಮೇಲೆ ಮುದುಕರು ಗಟ್ಟಿಯಾಗಿ ಹೆಸರು ಕರೆದರು. ಮೊದಲು ಸೋಮವಾರದ ಹೆಸರು, ಅಜೋವಾ. ಅದರ ಬೆನ್ನಿಗೇ, “ಸುಗುಣಾ!”

ಎಲ್ಲರೂ ನನ್ನ ಕಡೆ ತಿರುಗಿದರು. ಶೈಲಾ ನನ್ನ ಮೊಳಕೈ ಹಿಡಿದುಕೊಂಡಳು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಕರೆಯುತ್ತಾಳೆ, ಕರೆದದ್ದೇ ತಡ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಇಲ್ಲಿ ಗುದ್ದುವವರು ಯಾರೂ ಇಲ್ಲವಲ್ಲ ಎಂದು ನಗುತ್ತಲೇ ಅಂದುಕೊಂಡೆ.

ತಟ್ಟೆಗೆ ಅನ್ನ ಬಡಿಸುತ್ತ ಅಮಾ ಬಿಡಿಸಿ ಹೇಳಿದಳು. “ಕೂಸುಗಳು ಬಂದು ಬಂದು ಹೋದರೆ ನಮ್ಮಲ್ಲಿ ಚಂದದ ಹೆಸರು ಇಡುವುದಿಲ್ಲ. ಚಂದದ್ದನ್ನು ಸಾವು ಬಯಸುತ್ತದೆ. ನಮ್ಮ ಅಣ್ಣನಿಗಿಂತ ಮೊದಲು ಮೂರು ಹೋಗಿದ್ದವು. ಅವನಿಗೆ ಸುಮಿನಾ ಎಂದು ಇಟ್ಟರು. ಹಾಗೆಂದರೆ ಕಸ ಚೆಲ್ಲುವ ಗುಡ್ಡೆ. ಯಾರಿಗೂ ಬೇಡವಾದದ್ದು. ಅವನು ಬದುಕಿದ. ಇದಕ್ಕೂ ಅದನ್ನೇ ಇಡೋಣ ಎಂದೆ. ಕಸ ಎಂದು ಹೆಸರಿಟ್ಟುಕೊಂಡು ಇವಳು ಹೇಗೆ ಬಾಳಬೇಕು ಎಂದು ಅಬೆನಾ ಅತ್ತಳು. ಇನ್ನೊಂದು ದಾರಿಯಿದೆ, ಪರಕೀಯರ ಹೆಸರು. ದೂರದವರ ಹೆಸರಿಟ್ಟರೆ ಇದು ನಮ್ಮ ಕೂಸೆಂದು ಸಾವಿಗೆ ಗುರುತು ಸಿಗುವುದಿಲ್ಲ. ನಿನ್ನದು ಸ್ವಲ್ಪ ಚಂದದ ಹೆಸರೇ ಆಯಿತು, ಆದರೆ ನಿನಗಿಂತ ದೂರದವರು ನಮಗೆ ಯಾರಿದ್ದಾರೆ?”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ನನಗಿಂತ ಮೊದಲು ನಾಲ್ಕು ಕೂಸುಗಳು ಬಾಣಂತಿಕೋಣೆಯಲ್ಲೇ ಹೋಗಿದ್ದವು. ನಾನು ಹುಟ್ಟಿದಾಗ ನಮ್ಮ ಅವ್ವ ನನ್ನನ್ನು ಮೊರದಲ್ಲಿ ಮಲಗಿಸಿ, ಊರ ಹೊರಗಿನ ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಬಂದಳಂತೆ. ಹಿಂದೆಯೇ ಹೋದ ನೆರೆಮನೆಯಾಕೆ ಎತ್ತಿಕೊಂಡು ಬಂದು, “ತಿಪ್ಪ್ಯಾಗ ಒಂದು ಕೂಸು ಸಿಕ್ಕೈತಿ, ಯಾರಿಗರ ಬೇಕೇನು?” ಎಂದು ಬಾಗಿಲಲ್ಲಿ ಕೂಗಿದಳು. ಅವ್ವ ಹಿಡಿ ಜೋಳ ಕೊಟ್ಟು ತನ್ನ ಕೂಸನ್ನೇ ಬೇರೆಯವರದೆಂದು ಕೊಂಡಳು. ತಿಪ್ಪವ್ವ ಎಂದು ಹೆಸರಿಟ್ಟಳು. ಮದುವೆಯ ದಿನ ಗಂಡನ ಮನೆಯವರು ಅಕ್ಕಿಯ ಮೇಲೆ ಉಂಗುರದಿಂದ ಸುಗುಣಾ ಎಂದು ಬರೆದ ಮೇಲೆ ನನ್ನನ್ನು ತಿಪ್ಪವ್ವ ಎಂದು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಅವಳೂ ಹೋದಳು.

ಅಮಾ ಬೇಕೆಂದು ಹುಡುಕಿದ್ದು ಆ ಹೆಸರನ್ನು. ಕಸದ ಗುಡ್ಡೆಯೂ ಆದ, ಪರದೇಶದ್ದೂ ಆದ, ಒಂದು ಕೂಸನ್ನು ಆಗಲೇ ಉಳಿಸಿ ತೋರಿಸಿದ ಹೆಸರು. ಅರ್ಥ ಗೊತ್ತಿಲ್ಲದ ಈ ದೇಶದಲ್ಲಿ ಅದನ್ನು ಕೇಳಿ ನಗುವವರು ಯಾರೂ ಇರಲಿಲ್ಲ. ಅಬೆನಾಳೂ ಒಪ್ಪುತ್ತಿದ್ದಳು. ನಾನು ಅಮಾಳಿಗೆ ಕೊಟ್ಟದ್ದು ಗಂಡನ ಮನೆಯವರು ಅಕ್ಕಿಯ ಮೇಲೆ ಬರೆದ ಹೆಸರನ್ನು.

ಶೈಲಾಳ ಕಿವಿಗೆ ಬಾಗಿ, “ಈಗ ಹೇಳ್ತೀನಿ,” ಎಂದೆ.

“ಬ್ಯಾಡ ಅವ್ವ. ನೀರು ಮುಟ್ಟಿಸಿ ಆಗೇತಿ, ರಿಜಿಸ್ಟರೂ ಆಗೇತಿ. ಈಗ ಹೇಳಿದ್ರ ಅವರ ಮನಸ್ಸಿಗೆ ಸುಮ್ನ ಒಂದು ಹುಳಾ ಬಿಟ್ಟಂಗ ಆಗ್ತೈತಿ. ಕೂಸಿಗೆ ನಾಳೆ ನೆಗಡಿ ಆದ್ರೂ ಹೆಸರು ತಪ್ಪಾತು ಅಂತ ಅಂಜತಾರ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ತುತ್ತು ನುಂಗಿದೆ.

ಅಲ್ಲಿಂದ ಹೊರಡುವವರೆಗೆ ದಿನವೂ ಆ ಮನೆಗೆ ಹೋದೆ, ಕೂಸನ್ನು ಎತ್ತಿಕೊಂಡೆ. ಅಮಾ “ಸುಗುಣಾ, ಸುಗುಣಾ,” ಎಂದು ಹೆಮ್ಮೆಯಿಂದ ಕರೆಯುವಾಗ ನಾನು ಕೂಸಿನ ಅಂಗಿ ಸರಿಮಾಡುತ್ತ ತಲೆ ತಗ್ಗಿಸುತ್ತಿದ್ದೆ. ಹೇಳಿದರೆ ಅವರಿಗೆ ಭಯ, ಹೇಳದಿದ್ದರೆ ನನಗೆ. ಇಂಥದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದರೆ ಒಂದೇ ಮಾತು ಹೇಳಬಲ್ಲೆ. ನಾಲ್ಕು ಹೋದ ಮೇಲೆ ನಾನು ಉಳಿದೆ, ಅಷ್ಟು ಗೊತ್ತು. ಒಂದು ವಾರ ಕೂಸಿಗೆ ಕೆಮ್ಮು ಬಂತು. ಗೋಡೆಯಾಚೆ ಅದು ಕೆಮ್ಮಿದಾಗಲೆಲ್ಲ ನನ್ನ ಕೈಯ ಸೂಜಿ ನಿಲ್ಲುತ್ತಿತ್ತು. ಕೊನೆಗೆ ಯಾರಿಗೂ ಹೇಳದೆ ಕೂಸಿನ ಕಿವಿಯಲ್ಲಷ್ಟೇ ಕರೆದುಬಿಡುತ್ತೇನೆ, ಅದರಿಂದ ಯಾರಿಗೂ ಭಯವಿಲ್ಲ ಎಂದು ತೀರ್ಮಾನಿಸಿದೆ. ಕುಂಚಿಗೆ ಮುಗಿದ ದಿನ ತೊಡಿಸುತ್ತ ಕರೆಯುವುದೆಂದು ಮುಂದೂಡಿದೆ. ಮುಗಿದದ್ದು ಹೊರಡುವ ಹಿಂದಿನ ಸಂಜೆ.

ಹೊರಡುವ ಬೆಳಿಗ್ಗೆ

ಮೇಲೆ ಆನೆಹೆಜ್ಜೆಯ ಖಣ, ಒಳಗೆ ಅಮಾಳ ಹಕ್ಕಿಯ ಬಟ್ಟೆ. ನನ್ನ ಜೀವಮಾನದಲ್ಲಿ ಅಂಥ ಕುಂಚಿಗೆ ಹೊಲಿದಿಲ್ಲ. ಬೆಳಿಗ್ಗೆ ಅದನ್ನು ಮಡಚಿ ಹಿಡಿದು ಪಕ್ಕದ ಮನೆಯ ಗಂಟೆ ಒತ್ತಿದೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಪರದೆಯಿಲ್ಲದ ಕಿಟಕಿಯಿಂದ ನೋಡಿದರೆ ಕೋಣೆ ಖಾಲಿ, ಕೂಸಿನ ಗಾಡಿಯೂ ಇಲ್ಲ. ಕೂಸಿಗೆ ಏನಾಯಿತೋ ಎಂದು ಮೂರನೆಯ ಸಲ ಒತ್ತಿದೆ. ಎದುರು ಮನೆಯ ಬಿಸ್ಕತ್ತಿನಾಕೆ ಸೈಕಲ್ ನಿಲ್ಲಿಸಿ ಹೇಳಿದಳು: “ಕೂಸಿನ ತೂಕ ಮಾಡಿಸಲು ಹೋಗಿದ್ದಾರೆ. ನಿಮ್ಮನ್ನು ಕಳಿಸಲು ಹನ್ನೊಂದಕ್ಕೆ ಬರುತ್ತೇವೆ ಎಂದರಲ್ಲ.” ನನ್ನ ವಿಮಾನ ಮಧ್ಯಾಹ್ನದ್ದು. ಅಮಾ ಅದನ್ನು ಸಂಜೆಯದೆಂದು ತಿಳಿದಿರಬೇಕು.

ಶೈಲಾ ಪೆಟ್ಟಿಗೆ ಹಿಡಿದು ಬೀದಿಯಲ್ಲಿ ನಿಂತಿದ್ದಳು. “ಅವ್ವ, ಬಾ, ಟ್ರೇನ್ ತಪ್ಪತೈತಿ. ಕುಂಚಿಗಿ ನಾ ಕೊಡ್ತೀನಿ.”

ಕುಂಚಿಗೆಯನ್ನು ಕೊಡಬಹುದು, ಇನ್ನೊಂದನ್ನು ಯಾರ ಕೈಯಲ್ಲಿ ಕೊಟ್ಟು ಹೋಗುವುದು? ನಾನು ಮೆಟ್ಟಿಲ ಮೇಲೆ ಮೊಳಕಾಲೂರಿದೆ. ಬಾಗಿಲ ಕಿಂಡಿಯ ತಗಡು ಎತ್ತಿ ಕುಂಚಿಗೆಯನ್ನು ಒಳಗೆ ತೂರಿಸಿದೆ. ಅದು ಕಾಲೊರೆಸಿನ ಮೇಲೆ ಬಿತ್ತು. ಗೂಟದಲ್ಲಿ ಅವರ ಕೋಟುಗಳು, ಕೆಳಗೆ ಅಮಾಳ ಚಪ್ಪಲಿ. ಕಿಂಡಿಗೆ ಬಾಯಿಟ್ಟು ಕರೆದೆ.

“ಕುರ್ರ್... ತಿಪ್ಪವ್ವ.”

ಹಿಂದೆ ಶೈಲಾಳ ಹೆಜ್ಜೆ ಕೇಳಿಸಿತು. ಬೀದಿಯವರೆಲ್ಲ ನೋಡುತ್ತಾರೆ ಎಂದು ಬೈಯುತ್ತಾಳೆ ಅಂದುಕೊಂಡೆ. ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು.

ಎರಡನೆಯ ಸಲ ಕರೆದೆ. ಗುದ್ದು ಜೋರಾಗಿಯೇ ಬಿತ್ತು. ಮೂರನೆಯ ಸಲ ಕರೆಯುವಾಗ ನನ್ನ ದನಿ ಒಡೆಯಿತು, ಬೆನ್ನಿನ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

“ಏಳವ್ವ,” ಎಂದಳು. ಅವಳೂ ಅಳುತ್ತಿದ್ದಳು.

ಈಗ ಶೈಲಾ ಫೋನು ಮಾಡಿದಾಗಲೆಲ್ಲ ನಾನು ಮೊದಲು ಕೇಳುವುದು ಪಕ್ಕದ ಮನೆಯ ಕೂಸನ್ನು. ಕುರ್ಚಿ ಹಿಡಿದು ನಿಲ್ಲುತ್ತಾಳಂತೆ. ಕುಂಚಿಗೆ ತೊಡಿಸಿದರೆ ಕಿತ್ತು ಒಗೆಯುತ್ತಾಳಂತೆ. ಸುಗುಣಾ ಎಂದರೆ ತಿರುಗಿ ನೋಡುತ್ತಾಳಂತೆ. ಕೇಳಿ ಸಮಾಧಾನವಾಗುತ್ತದೆ, ಫೋನಿಟ್ಟ ಮೇಲೆ ಮತ್ತೆ ಅದೇ ಕೊರಗು. ನಮ್ಮ ಅವ್ವ ಹಿಡಿ ಜೋಳ ಕೊಟ್ಟು ಕೊಂಡ ಹೆಸರನ್ನು ಕೇಳಿ ಪಡೆಯುವವರು ಇನ್ನು ಯಾರೂ ಬರುವುದಿಲ್ಲ. ಕೇಳಿದ ಒಬ್ಬಳಿಗೆ ನಾನು ಬೇರೆಯದನ್ನು ಕೊಟ್ಟೆ. ಹೆಸರು ಕರೆಯುವವಳು ತಿನ್ನಬೇಕಾದ ಗುದ್ದುಗಳನ್ನು ತಿಂದು ಬಂದಿದ್ದೇನೆ, ಕೂಸು ಮಾತ್ರ ಅಲ್ಲಿರಲಿಲ್ಲ.